ಪ್ರಾಣಿಕೋಶದೊಳಗೆ ವೈರಸ್ ಹೊಕ್ಕು ಹೆಚ್ಚಾಗುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ಯಾವುದೂ ಅಲ್ಲಾಡುವುದಿಲ್ಲ. ಕೋಶ ಸತ್ತಿದೆ, ಗಟ್ಟಿ ರೆಸಿನ್‌ನಲ್ಲಿ (ಪ್ಲಾಸ್ಟಿಕ್‌ನಂಥ ಅಂಟು) ಹುದುಗಿದೆ, ಅದರದೊಂದು ತೆಳು ಪದರ ಮಾತ್ರ ನಮ್ಮ ಮುಂದಿದೆ. ಅಲ್ಲಿ ಕಾಣುವ ವೈರಸ್ ಒಳಗೆ ಹೋಗುತ್ತಿತ್ತಾ, ಹೊರಗೆ ಬರುತ್ತಿತ್ತಾ? ಚಿತ್ರ ತಾನಾಗಿ ಹೇಳುವುದಿಲ್ಲ. ಯಾವ ಹೊತ್ತಿಗೆ ಕೋಶವನ್ನು ಫಿಕ್ಸ್ ಮಾಡಿದಿರಿ (ರಾಸಾಯನಿಕ ಹಾಕಿ ಇದ್ದಂತೆಯೇ ನಿಲ್ಲಿಸಿದಿರಿ), ಪಕ್ಕದಲ್ಲಿ ಹೋಲಿಕೆಗೆ ಯಾವ ಕಂಟ್ರೋಲ್ ಇಟ್ಟಿರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಹಾಗಾಗಿ ಈ ಬರಹದಲ್ಲಿ ಮೈಕ್ರೋಸ್ಕೋಪಿನ ಗುಂಡಿಗಳಿಗಿಂತ ಪ್ರಯೋಗದ ತಯಾರಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎಂ.ಎಸ್ಸಿ. ಅಥವಾ ಪಿಎಚ್.ಡಿ.ಯಲ್ಲಿ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು. ಲ್ಯಾಬಿಗೆ ಹೋಗದೆ, ಇಂಥ ಚಿತ್ರಗಳನ್ನು ಸರಿಯಾಗಿ ಓದಲು ಕಲಿಯಬೇಕು ಅನ್ನುವವರಿಗೂ ಆಗುತ್ತದೆ.

ಯಾವ ವೈರಸ್, ಯಾವ ಕೋಶ

ಕಲಿಯಲು ನಾನು ಆರಿಸುವುದು ಸೆಮ್ಲಿಕಿ ಫಾರೆಸ್ಟ್ ವೈರಸ್. ಉಗಾಂಡಾದ ಸೆಮ್ಲಿಕಿ ಕಾಡಿನ ಸೊಳ್ಳೆಗಳಲ್ಲಿ 1942ರಲ್ಲಿ ಸಿಕ್ಕಿದ್ದು. ಇದು ಆಲ್ಫಾವೈರಸ್ ಗುಂಪಿನದು. 2006ರಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಯಲ್ಲೂ ಜನರನ್ನು ಕೀಲುನೋವಿನಿಂದ ಮಲಗಿಸಿದ ಚಿಕುನ್‌ಗುನ್ಯಾ ವೈರಸ್‌ಗೆ ಹತ್ತಿರದ ಸಂಬಂಧಿ. ಒಂದನ್ನು ಓದಲು ಕಲಿತರೆ ಇನ್ನೊಂದು ಅರ್ಧ ಅರ್ಥವಾದಂತೆ.

ಇದನ್ನೇ ಆರಿಸಲು ಇನ್ನೊಂದು ಕಾರಣವಿದೆ. ಹೊದಿಕೆ ಇರುವ ವೈರಸ್ ಕೋಶದೊಳಗೆ ಹೇಗೆ ಹೋಗುತ್ತದೆ ಎಂಬುದು ಸ್ಪಷ್ಟವಾದದ್ದು ಇದರಿಂದಲೇ. 1980ರಲ್ಲಿ ಆರಿ ಹೆಲೆನಿಯಸ್, ಕೈ ಸೈಮನ್ಸ್ ಮತ್ತು ಜೊತೆಗಾರರು ಹ್ಯಾಮ್‌ಸ್ಟರ್ ಮರಿಯ ಕಿಡ್ನಿಯಿಂದ ಬಂದ ಬಿಎಚ್‌ಕೆ-21 ಕೋಶಗಳಲ್ಲಿ ಇದರ ದಾರಿಯನ್ನು ಹಂತ ಹಂತವಾಗಿ ತೋರಿಸಿದರು. ಆ ಕೆಲಸದ ಅಚ್ಚುಕಟ್ಟುತನ ಇವತ್ತಿಗೂ ಮಾದರಿ. ಕೆಳಗೆ ಹೇಳುವ ಕ್ರಮದ ಬೆನ್ನೆಲುಬೂ ಅದೇ.

ವೈರಸ್‌ನ ಅಳತೆಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಇಡೀ ಕಣ ಸುಮಾರು 65ರಿಂದ 70 ನ್ಯಾನೋಮೀಟರ್. ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್, ಅಂದರೆ ಆರ್‌ಎನ್‌ಎ ಮತ್ತು ಅದನ್ನು ಸುತ್ತಿದ ಪ್ರೋಟೀನಿನ ತಿರುಳು, ಸುಮಾರು 40 ನ್ಯಾನೋಮೀಟರ್. ಅದರ ಸುತ್ತ ಪೊರೆ, ಪೊರೆಯ ಮೇಲೆ 80 ಮುಳ್ಳುಗಳು. ಗ್ರಿಡ್ (ಸ್ಯಾಂಪಲ್ ಹಿಡಿದಿಡುವ ಪುಟ್ಟ ಲೋಹದ ಜಾಲರಿ) ಮುಂದೆ ಕೂತಾಗ ಈ 40 ಮತ್ತು 70 ಪದೇ ಪದೇ ಬೇಕಾಗುತ್ತವೆ.

ಸುರಕ್ಷತೆ

ಇದರಲ್ಲಿ ರಾಜಿ ಇಲ್ಲ. ವೈರಸ್ ಯಾವ ಸುರಕ್ಷತಾ ಮಟ್ಟದ ಲ್ಯಾಬಿನಲ್ಲಿ ಇರಬೇಕು ಎಂಬುದನ್ನು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ನಿರ್ಧರಿಸಬೇಕು. ಅವರ ಒಪ್ಪಿಗೆ ಇಲ್ಲದೆ ಬಾಟಲಿ ಮುಟ್ಟಬೇಡಿ. ಫಿಕ್ಸ್ ಮಾಡಿದ ಸ್ಯಾಂಪಲ್ ಹೊರಗೆ ತರುವ ಮುನ್ನ, ನಿಮ್ಮ ವಿಧಾನದಲ್ಲಿ ವೈರಸ್ ನಿಜವಾಗಿ ಸತ್ತಿದೆ ಎಂದು ಪರೀಕ್ಷೆ ಮಾಡಿ ದಾಖಲಿಸಿರಬೇಕು.

ರಾಸಾಯನಿಕಗಳೂ ಸಾಮಾನ್ಯದವಲ್ಲ. ಆಸ್ಮಿಯಂ ಟೆಟ್ರಾಕ್ಸೈಡ್‌ನ ಆವಿ ಕಣ್ಣಿಗೆ ಬಹಳ ಅಪಾಯ. ಕ್ಯಾಕೋಡಿಲೇಟ್ ಬಫರ್‌ನಲ್ಲಿ ಆರ್ಸೆನಿಕ್ ಇದೆ. ಯುರೇನೈಲ್ ಅಸಿಟೇಟ್ ವಿಷವೂ ಹೌದು, ಸ್ವಲ್ಪ ವಿಕಿರಣಶೀಲವೂ ಹೌದು. ಎಲ್ಲವನ್ನೂ ಫ್ಯೂಮ್ ಹುಡ್ ಒಳಗೆ, ಗ್ಲೌಸ್ ಹಾಕಿಕೊಂಡೇ ಬಳಸಿ. ಕಸವನ್ನು ಬೇರೆ ಬೇರೆ ಬಾಟಲಿಗಳಲ್ಲಿ ತುಂಬಿ ಹೆಸರು ಬರೆಯಿರಿ.

ಮೊದಲು ವೈರಸ್ ಸ್ಟಾಕ್ ಹೇಗಿದೆ ನೋಡಿ

ಕೋಶಕ್ಕೆ ಹಾಕುವ ಮುಂಚೆ ಸ್ಟಾಕನ್ನೇ, ಅಂದರೆ ಬೆಳೆಸಿಟ್ಟ ವೈರಸ್ ದ್ರವವನ್ನೇ, ಒಮ್ಮೆ ನೋಡಿಬಿಡಿ. ಇದಕ್ಕೆ ನೆಗೆಟಿವ್ ಸ್ಟೇನಿಂಗ್ ಸಾಕು. ಗ್ರಿಡ್ ಮೇಲೆ ಒಂದು ಹನಿ ಸ್ಯಾಂಪಲ್, ಫಿಲ್ಟರ್ ಪೇಪರಿನಿಂದ ಹೀರಿ, ಒಂದು ಹನಿ ಸ್ಟೇನ್, ಮತ್ತೆ ಹೀರಿ, ಒಣಗಿಸಿ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬಿಡಿ ಕಣಗಳು ಬೆಳ್ಳಗೆ, ಹಿನ್ನೆಲೆ ಕಪ್ಪಗೆ ಕಾಣುತ್ತದೆ. 2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಭಾರತದ ಮೊದಲ ಕೋವಿಡ್ ರೋಗಿಯ ಗಂಟಲು ಸ್ವಾಬ್‌ನಿಂದ ತೆಗೆದ ಚಿತ್ರವೂ ಇದೇ ವಿಧಾನದ್ದು.

ಒಡೆದ ಕಣಗಳು, ಖಾಲಿ ಹೊದಿಕೆಗಳು, ಸತ್ತ ಕೋಶದ ಚೂರುಗಳು ತುಂಬಿದ್ದರೆ ಆ ಸ್ಟಾಕ್ ಬೇಡ. ಮುಂದೆ ಕೋಶದ ಮೇಲೆ ಅಂಟಿಕೊಂಡ ಪ್ರತಿ ಚೂರೂ ನಿಮಗೆ ತಲೆನೋವು ತರುತ್ತದೆ. ಶುದ್ಧಗೊಳಿಸಿದ ತಾಜಾ ಸ್ಟಾಕ್ ಮಾಡಿಕೊಳ್ಳಿ.

ಎಷ್ಟು ವೈರಸ್ ಬೇಕು

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಕೋಶದ ಅಗಲ 15 ಮೈಕ್ರೋಮೀಟರ್ ಅಂದುಕೊಳ್ಳಿ. ನಾವು ನೋಡುವ ಸೆಕ್ಷನ್ (ಕೊಯ್ದ ತೆಳು ಪದರ) 70 ನ್ಯಾನೋಮೀಟರ್ ದಪ್ಪ. ಅಂದರೆ ಒಂದು ಕೋಶದಿಂದ 200ಕ್ಕೂ ಹೆಚ್ಚು ಸೆಕ್ಷನ್ ಬರುತ್ತದೆ. ಕೋಶಕ್ಕೆ ಹತ್ತೇ ವೈರಸ್ ಅಂಟಿದ್ದರೆ ಬಹುಪಾಲು ಸೆಕ್ಷನ್‌ಗಳಲ್ಲಿ ಒಂದೂ ಕಾಣುವುದಿಲ್ಲ. ಸಾವಿರ ಅಂಟಿದ್ದರೆ ಪ್ರತಿ ಸೆಕ್ಷನ್‌ನಲ್ಲಿ ಐದಾರು ಕಾಣಬಹುದು. ಅದಕ್ಕೇ ಒಳಹೋಗುವ ಹಂತವನ್ನು ನೋಡುವಾಗ ತುಂಬಾ ಜಾಸ್ತಿ ವೈರಸ್ ಹಾಕಬೇಕಾಗುತ್ತದೆ.

ಹೆಚ್ಚಾಗುವ ಹಂತಕ್ಕೆ ಅಷ್ಟು ಬೇಡ. ಎಲ್ಲ ಕೋಶಗಳಿಗೂ ಒಟ್ಟಿಗೇ ಸೋಂಕು ತಗುಲುವಷ್ಟು ಹಾಕಿದರೆ ಸಾಕು, ಉಳಿದದ್ದನ್ನು ವೈರಸ್ಸೇ ಮಾಡಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಪ್ರಯೋಗದಲ್ಲಿ ಮುಗಿಸಲು ಹೋಗಬೇಡಿ. ಎರಡು ಬೇರೆ ಪ್ರಯೋಗ ಅಂತಲೇ ಯೋಜನೆ ಮಾಡಿ.

ತಣ್ಣಗಿದ್ದಾಗ ಅಂಟಿಸಿ, ಆಮೇಲೆ ಬಿಸಿ ಮಾಡಿ

ಇಡೀ ಕೆಲಸದ ಜೀವಾಳ ಇದು. 37 ಡಿಗ್ರಿಯಲ್ಲಿ ಸುಮ್ನೆ ವೈರಸ್ ಸುರಿದರೆ ಒಂದು ಕಣ ಆಗಲೇ ಒಳಗಿರುತ್ತದೆ, ಇನ್ನೊಂದು ಈಗಷ್ಟೇ ಅಂಟುತ್ತಿರುತ್ತದೆ. ಎಲ್ಲ ಹಂತಗಳೂ ಒಂದೇ ಚಿತ್ರದಲ್ಲಿ ಕಲಸಿಹೋಗುತ್ತವೆ.

ಕೋಶಗಳನ್ನು ಐಸ್ ಮೇಲೆ ಇಟ್ಟರೆ ವೈರಸ್ ಪೊರೆಗೆ ಅಂಟುತ್ತದೆ, ಆದರೆ ಪೊರೆ ಅದನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಹೀಗೆ ಮಾಡಿ: ಡಿಶ್‌ಗಳನ್ನು ಐಸ್ ಮೇಲೆ ಚೆನ್ನಾಗಿ ತಣ್ಣಗಾಗಲು ಬಿಡಿ. ತಣ್ಣಗಿನ ಮೀಡಿಯಂನಲ್ಲಿ ಕಲಸಿದ ವೈರಸ್ ಹಾಕಿ. ಸುಮಾರು ಒಂದು ಗಂಟೆ ಆಗಾಗ ಮೆಲ್ಲಗೆ ಅಲ್ಲಾಡಿಸುತ್ತಿರಿ. ಬೈಕಾರ್ಬೊನೇಟ್ ಮೀಡಿಯಂ ಇನ್‌ಕ್ಯುಬೇಟರ್‌ನಿಂದ ಹೊರಗಿದ್ದರೆ ಅದರ ಪಿಎಚ್ ಏರುತ್ತದೆ, ಆದ್ದರಿಂದ ಹೆಪಿಸ್ ಬಫರ್ ಇರುವ ಮೀಡಿಯಂ ಬಳಸಿ. ಗಂಟೆಯಾದ ಮೇಲೆ ಅಂಟದೇ ಉಳಿದ ವೈರಸ್ಸನ್ನು ತಣ್ಣಗಿನ ಮೀಡಿಯಂನಿಂದ ಎರಡು ಮೂರು ಸಲ ತೊಳೆದು ತೆಗೆಯಿರಿ.

ಈಗ 37 ಡಿಗ್ರಿಗೆ ಬಿಸಿ ಮಾಡಿದ ಮೀಡಿಯಂ ಹಾಕಿ ಗಡಿಯಾರ ಶುರು ಮಾಡಿ. ಒಂದು ಡಿಶ್ ಬಿಸಿ ಮಾಡದೆಯೇ ಫಿಕ್ಸ್ ಮಾಡಿ, ಅದು ಸೊನ್ನೆ ನಿಮಿಷ. ಉಳಿದವನ್ನು 1, 5, 15, 30 ನಿಮಿಷಕ್ಕೆ. ಹೆಚ್ಚಾಗುವುದನ್ನು ನೋಡುವ ಪ್ರಯೋಗಕ್ಕೆ 2, 4, 6, 8 ಗಂಟೆ. ಪ್ರತಿ ಹೊತ್ತಿಗೂ ವೈರಸ್ ಇಲ್ಲದ ಡಿಶ್ ಒಂದು ಪಕ್ಕದಲ್ಲಿರಲಿ. ಅದೂ ಐಸ್ ಮೇಲೆ ಕೂರಬೇಕು, ಅದಕ್ಕೂ ಅಷ್ಟೇ ಸಲ ತೊಳೆತ ಆಗಬೇಕು. ಕೋಶವನ್ನು ತಣ್ಣಗೆ ಮಾಡಿ ಬಿಸಿ ಮಾಡಿದರೆ ಅದರ ಒಳಗೂ ಬದಲಾವಣೆ ಆಗುತ್ತದೆ. ಅದನ್ನು ವೈರಸ್‌ನ ತಲೆಗೆ ಕಟ್ಟಬಾರದು ಅಲ್ವಾ?

ಫಿಕ್ಸ್ ಮಾಡಿ ರೆಸಿನ್‌ನಲ್ಲಿ ಕೂರಿಸುವುದು

ಮೀಡಿಯಂ ಹೀರಿ ತೆಗೆದು, ಕೂಡಲೇ ಗ್ಲುಟರಾಲ್ಡಿಹೈಡ್ ಹಾಕಿ. 0.1 ಮೋಲಾರ್ ಕ್ಯಾಕೋಡಿಲೇಟ್ ಬಫರ್‌ನಲ್ಲಿ 2.5 ಪರ್ಸೆಂಟ್, ಪಿಎಚ್ 7.2ರಿಂದ 7.4. ಬಿಸಿಯಲ್ಲಿದ್ದ ಡಿಶ್‌ಗೆ ತಣ್ಣಗಿನ ಫಿಕ್ಸೇಟಿವ್ ಹಾಕಬೇಡಿ, ಕೋಶ ಕುಗ್ಗಿ ಆಕಾರ ಕೆಡುತ್ತದೆ. ಕನಿಷ್ಠ ಒಂದು ಗಂಟೆ ಬಿಡಿ. ಬಫರ್‌ನಲ್ಲಿ ತೊಳೆದು 1 ಪರ್ಸೆಂಟ್ ಆಸ್ಮಿಯಂ ಒಂದು ಗಂಟೆ. ಗ್ಲುಟರಾಲ್ಡಿಹೈಡ್ ಪ್ರೋಟೀನ್‌ಗಳನ್ನು ಹಿಡಿದು ನಿಲ್ಲಿಸುತ್ತದೆ, ಆಸ್ಮಿಯಂ ಪೊರೆಯ ಕೊಬ್ಬನ್ನು ಹಿಡಿಯುತ್ತದೆ. ಪೊರೆಗಳು ಕಪ್ಪು ಗೆರೆಗಳಾಗಿ ಕಾಣುವುದು ಬಹುಮಟ್ಟಿಗೆ ಆಸ್ಮಿಯಂನಿಂದ.

ಆಮೇಲೆ ನೀರು ತೆಗೆಯುವುದು: 30, 50, 70, 90, 100 ಪರ್ಸೆಂಟ್ ಎಥನಾಲ್, ಒಂದಾದ ಮೇಲೆ ಒಂದು. ನಂತರ ರೆಸಿನ್, ಮೊದಲು ತೆಳ್ಳಗೆ, ಕೊನೆಗೆ ಪೂರ್ತಿ. 60 ಡಿಗ್ರಿ ಓವನ್‌ನಲ್ಲಿ ಎರಡು ದಿನ. ಸಾಧ್ಯವಿದ್ದರೆ ಕೋಶಗಳನ್ನು ಕೆರೆದು ತೆಗೆಯಬೇಡಿ, ಡಿಶ್‌ನಲ್ಲೇ ರೆಸಿನ್ ಸುರಿಯಿರಿ. ಕೆರೆದರೆ ಮೇಲ್ಮೈ ಹರಿಯುತ್ತದೆ. ಒಳಹೋಗುವ ಕಥೆ ನಡೆಯುವುದೇ ಆ ಮೇಲ್ಮೈಯಲ್ಲಿ.

ಕೊಯ್ಯುವುದು, ಸ್ಟೇನ್ ಮಾಡುವುದು

ಮೊದಲು ಅರ್ಧದಿಂದ ಒಂದು ಮೈಕ್ರೋಮೀಟರ್ ದಪ್ಪದ ಸೆಕ್ಷನ್ ಕೊಯ್ದು ಟೊಲುಯಿಡಿನ್ ಬ್ಲೂ ಹಾಕಿ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿ. ಕೋಶ ಎಲ್ಲಿದೆ ಎಂದು ಗೊತ್ತಾದ ಮೇಲೆಯೇ ವಜ್ರದ ಚಾಕು. ನೀರಿನ ಮೇಲೆ ತೇಲುವ ಸೆಕ್ಷನ್‌ನ ಬಣ್ಣ ಗಮನಿಸಿ. ಬೆಳ್ಳಿ ಬಣ್ಣ ಇದ್ದರೆ ಸರಿಸುಮಾರು 60ರಿಂದ 90 ನ್ಯಾನೋಮೀಟರ್, ನಮಗೆ ಬೇಕಾದದ್ದು ಅದು. ಚಿನ್ನದ ಬಣ್ಣ ಬಂದರೆ ದಪ್ಪವಾಯಿತು.

ಗ್ರಿಡ್ ಮೇಲೆ ಹಿಡಿದ ಮೇಲೆ ಯುರೇನೈಲ್ ಅಸಿಟೇಟ್, ಆಮೇಲೆ ಲೆಡ್ ಸಿಟ್ರೇಟ್. ಈ ಲೆಡ್ ಹಂತವನ್ನು ನಿಧಾನವಾಗಿ ಮಾಡಿ. ಲೆಡ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿದರೆ ಲೆಡ್ ಕಾರ್ಬೊನೇಟ್ ಆಗಿ ಸೆಕ್ಷನ್ ಮೇಲೆ ಕೂರುತ್ತದೆ. ಪೆಟ್ರಿ ಡಿಶ್‌ನಲ್ಲಿ ಪ್ಯಾರಾಫಿಲ್ಮ್ ಹಾಸಿ, ಸುತ್ತ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನಿಡಿ, ಅವು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತವೆ. ಲೆಡ್ ಹನಿ ಇಟ್ಟು, ಅದರ ಮೇಲೆ ಗ್ರಿಡ್ ಬೋರಲು ಹಾಕಿ, ಮುಚ್ಚಳ ಮುಚ್ಚಿ. ಮುಚ್ಚಳ ತೆರೆದಾಗ ಅದರ ಮೇಲೆ ಬಾಗಿ ಮಾತಾಡಬೇಡಿ, ನಮ್ಮ ಉಸಿರೇ ಸಾಕು ಕೆಡಿಸಲು. ತೊಳೆಯಲು ಕುದಿಸಿ ಆರಿಸಿದ ಶುದ್ಧ ನೀರು ಬಳಸಿ.

ಆದರೂ ಕಪ್ಪು ಚುಕ್ಕಿಗಳು ಬಂದವೆನ್ನಿ. ವೈರಸ್ಸಾ, ಕೊಳೆಯಾ? ಕೋಶ ಇಲ್ಲದ ಖಾಲಿ ರೆಸಿನ್ ಜಾಗಕ್ಕೆ ಹೋಗಿ ನೋಡಿ. ಅಲ್ಲೂ ಅದೇ ಚುಕ್ಕಿಗಳಿದ್ದರೆ, ಅಂಚು ಚೂಪಾಗಿದ್ದು ಮಸಿಯಷ್ಟು ಕಪ್ಪಗಿದ್ದರೆ, ಅದು ಲೆಡ್. ಹೊಸ ಗ್ರಿಡ್ ತೆಗೆದುಕೊಳ್ಳಿ.

ಮೈಕ್ರೋಸ್ಕೋಪಿನ ಮುಂದೆ

80 ಅಥವಾ 100 ಕಿಲೋವೋಲ್ಟ್ ಸಾಕು. ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲಿ ಇಡೀ ಕೋಶ ನೋಡಿ, ಆಮೇಲೆ ಹತ್ತಿರ ಹೋಗಿ. ಅಳತೆ ನಂಬಬೇಕಾದರೆ ಮಿಲಿಮೀಟರಿಗೆ 2160 ಗೆರೆಗಳಿರುವ ರೆಪ್ಲಿಕಾ ಗ್ರಿಡ್ ಇಟ್ಟು ಕ್ಯಾಲಿಬ್ರೇಟ್ ಮಾಡಿಕೊಳ್ಳಿ. ರೆಸಿನ್ ಮಾಡುವಾಗ ನೀರು ಹೋಗಿ ಎಲ್ಲವೂ ಸ್ವಲ್ಪ ಕುಗ್ಗಿರುತ್ತದೆ ಎಂಬುದೂ ನೆನಪಿರಲಿ.

ಎಲ್ಲ ಕಣಗಳೂ ಒಂದೇ ಗಾತ್ರದಲ್ಲಿ ಕಾಣುವುದಿಲ್ಲ. ರವೆ ಇಡ್ಲಿಯನ್ನು ಅಡ್ಡಡ್ಡ ಕೊಯ್ದರೆ ಗೋಡಂಬಿ ಒಂದು ಚೂರಿನಲ್ಲಿ ಪೂರ್ತಿ, ಇನ್ನೊಂದರಲ್ಲಿ ಅಂಚು ಮಾತ್ರ ಸಿಗುತ್ತದೆ. ಇಲ್ಲೂ ಹಾಗೇ. ಅಂಚು ಮಾತ್ರ ಸಿಕ್ಕ ಕಣ ಮಂಕಾಗಿ, ಚಿಕ್ಕದಾಗಿ ಕಾಣುತ್ತದೆ. ಮಧ್ಯಕ್ಕೆ ಕೊಯ್ದು, ಒಳಗಿನ ಕಪ್ಪು ಗುಂಡು, ಸುತ್ತಲ ಪೊರೆ ಎರಡೂ ಸ್ಪಷ್ಟ ಇರುವ ಕಣಗಳನ್ನು ಮಾತ್ರ ಅಳೆಯಿರಿ.

ಒಳಹೋಗುವ ದಾರಿಯನ್ನು ಓದುವುದು

ಸೊನ್ನೆ ನಿಮಿಷದ ಗ್ರಿಡ್‌ನಿಂದ ಶುರು ಮಾಡಿ. ವೈರಸ್‌ಗಳು ಕೋಶದ ಹೊರಗೆ, ಪೊರೆಗೆ ತಾಗಿಕೊಂಡಿರಬೇಕು. ಹಲವು ಕಣಗಳು ಕೋಶದ ಮೈಮೇಲಿನ ಸಣ್ಣ ಕಡ್ಡಿಯಂಥ ಚಾಚುಗಳಿಗೆ ಅಂಟಿರುತ್ತವೆ. ಈ ಗ್ರಿಡ್‌ನಲ್ಲೇ ಕೋಶದ ಒಳಗೆ ವೈರಸ್ ಸಿಕ್ಕಿದರೆ ನಿಮ್ಮ ಐಸ್ ಸರಿಯಾಗಿ ಕೆಲಸ ಮಾಡಿಲ್ಲ ಎಂದರ್ಥ. ಮುಂದಿನ ಗ್ರಿಡ್ ನೋಡದೆ ಪ್ರಯೋಗವನ್ನೇ ಮತ್ತೆ ಮಾಡಿ.

ಬಿಸಿ ಮಾಡಿದ ಮೊದಲ ನಿಮಿಷಗಳಲ್ಲಿ ಪೊರೆ ಅಲ್ಲಲ್ಲಿ ಒಳಕ್ಕೆ ಗುಳಿ ಬಿದ್ದಿರುತ್ತದೆ, ಗುಳಿಯಲ್ಲಿ ವೈರಸ್ ಕೂತಿರುತ್ತದೆ. ಗುಳಿಯ ಒಳಬದಿಗೆ, ಅಂದರೆ ಕೋಶದ್ರವದ ಕಡೆಗೆ, ಮಸುಕಾದ ರೋಮದಂಥ ಪದರ ಇದೆಯಾ ನೋಡಿ. ಅದು ಕ್ಲಾಥ್ರಿನ್ ಎಂಬ ಪ್ರೋಟೀನ್. ಇಂಥ ಗುಳಿಗಳನ್ನು 1964ರಲ್ಲೇ ರಾತ್ ಮತ್ತು ಪೋರ್ಟರ್ ಸೊಳ್ಳೆಯ ಮೊಟ್ಟೆಕೋಶದಲ್ಲಿ ತೋರಿಸಿದ್ದರು. ಆ ಪ್ರೋಟೀನಿಗೆ ಹೆಸರಿಟ್ಟದ್ದು ಬಾರ್ಬರಾ ಪಿಯರ್ಸ್, 1970ರ ದಶಕದಲ್ಲಿ. ಗುಳಿ ಪೂರ್ತಿ ಮುಚ್ಚಿ ಒಳಗೆ ಬಂದರೆ ಕ್ಲಾಥ್ರಿನ್ ಹೊದ್ದ ಚೀಲ, ಅದರೊಳಗೆ ಇಡೀ ವೈರಸ್.

5 ನಿಮಿಷದ ಹೊತ್ತಿಗೆ ರೋಮದ ಪದರ ಕಳಚಿ, ನುಣುಪು ಗೋಡೆಯ ದೊಡ್ಡ ಚೀಲಗಳಲ್ಲಿ ವೈರಸ್ ಸಿಗುತ್ತದೆ. ಇವು ಎಂಡೋಸೋಮ್‌ಗಳು. ಒಳಗಿನ ದ್ರವ ಹುಳಿಯಾಗುತ್ತಾ ಪಿಎಚ್ ಸುಮಾರು 6.2ಕ್ಕಿಂತ ಕೆಳಗಿಳಿದರೆ ವೈರಸ್‌ನ ಇ1 ಪ್ರೋಟೀನ್ ಆಕಾರ ಬದಲಿಸಿ, ವೈರಸ್ ಪೊರೆಯನ್ನು ಎಂಡೋಸೋಮ್ ಪೊರೆಗೆ ಬೆಸೆಯುತ್ತದೆ. ನ್ಯೂಕ್ಲಿಯೋಕ್ಯಾಪ್ಸಿಡ್ ಕೋಶದ್ರವಕ್ಕೆ ಜಾರುತ್ತದೆ.

ಈ ಬೆಸುಗೆಯ ಕ್ಷಣವನ್ನೇ ಚಿತ್ರದಲ್ಲಿ ಹಿಡಿಯುವುದು ಬಹಳ ಕಷ್ಟ, ಅಷ್ಟು ಬೇಗ ಮುಗಿದುಹೋಗುತ್ತದೆ. ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ಇನ್ನೊಂದು ಸೆಟ್ ಡಿಶ್‌ಗಳಿಗೆ ಅಮೋನಿಯಂ ಕ್ಲೋರೈಡ್ ಹಾಕಿ. ಅದು ಎಂಡೋಸೋಮ್ ಹುಳಿಯಾಗದಂತೆ ತಡೆಯುತ್ತದೆ. ಆಗಲೂ ವೈರಸ್ ಗುಳಿಗೆ ಬೀಳುತ್ತದೆ, ಚೀಲಕ್ಕೂ ಹೋಗುತ್ತದೆ, ಆದರೆ ಪೊರೆ ಸಮೇತ ಅಲ್ಲೇ ಉಳಿಯುತ್ತದೆ, ಸೋಂಕು ಮುಂದುವರಿಯುವುದಿಲ್ಲ. ಬರೀ ಚಿತ್ರ ನೋಡಿ ಹೇಳಲಾಗದ ಮಾತನ್ನು ಈ ಹೋಲಿಕೆ ಹೇಳಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಅಂಟಿದ ಕಣಗಳೆಲ್ಲ ಸೋಂಕು ತರುವುದಿಲ್ಲ. ನೀವು ಲೈಸೋಸೋಮ್‌ನಲ್ಲಿ (ಕೋಶದ ಜೀರ್ಣಚೀಲ) ನೋಡಿದ ವೈರಸ್ ದಾರಿ ತಪ್ಪಿ ಜೀರ್ಣವಾಗುತ್ತಿರುವ ಕಣವೂ ಆಗಿರಬಹುದು. ಆದ್ದರಿಂದ ಪ್ಲಾಕ್ ಅಸ್ಸೇ (ಸೋಂಕು ತರಬಲ್ಲ ಕಣಗಳನ್ನು ಎಣಿಸುವ ಪರೀಕ್ಷೆ) ಮಾಡಿ ಸೋಂಕಿನ ಲೆಕ್ಕವನ್ನೂ ಚಿತ್ರದ ಪಕ್ಕ ಇಡಿ.

ಏನೂ ಕಾಣದ ಹೊತ್ತು

ಅರ್ಧ ಗಂಟೆಯಿಂದ ಎರಡು ಗಂಟೆಯ ಗ್ರಿಡ್‌ಗಳಲ್ಲಿ ಕೋಶದ್ರವದಲ್ಲಿ ವೈರಸ್ ಹುಡುಕಿ ಕಣ್ಣು ಸೋಲುತ್ತದೆ. ಇದು ತಪ್ಪಲ್ಲ. ಹೊರಬಿದ್ದ ನ್ಯೂಕ್ಲಿಯೋಕ್ಯಾಪ್ಸಿಡ್ ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಿಗೆ ತಾಗಿ ನಿಮಿಷಗಳಲ್ಲಿ ಕಳಚಿಕೊಳ್ಳುತ್ತದೆ. ಅದರ ಆರ್‌ಎನ್‌ಎ ನೇರವಾಗಿ ಪ್ರೋಟೀನ್ ತಯಾರಿಸಲು ಬಳಕೆಯಾಗುತ್ತದೆ. ಬಿಡಿ ಆರ್‌ಎನ್‌ಎ ಎಳೆ ಸಾಮಾನ್ಯ ಸೆಕ್ಷನ್‌ನಲ್ಲಿ ಗುರುತಿಗೆ ಸಿಗುವುದಿಲ್ಲ. ಈ ಹೊತ್ತಿನಲ್ಲಿ ಸಿಕ್ಕ ಪ್ರತಿ ಕಪ್ಪು ಚುಕ್ಕಿಗೂ ನ್ಯೂಕ್ಲಿಯೋಕ್ಯಾಪ್ಸಿಡ್ ಎಂದು ಬಾಣ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ರೈಬೋಸೋಮ್ 25ರಿಂದ 30 ನ್ಯಾನೋಮೀಟರ್, ಕೋಶದ ತುಂಬ ಇರುತ್ತದೆ.

ನಕಲು ತಯಾರಾಗುವ ಜಾಗ

ಕೆಲವು ಗಂಟೆಗಳಾದ ಮೇಲೆ ನೋಡಬೇಕಾದದ್ದು ಸ್ಫೆರೂಲ್‌ಗಳನ್ನು. ಪೊರೆಯಿಂದ ಹೊರಗಡೆಗೆ ಉಬ್ಬಿದ, ಸುಮಾರು 50 ನ್ಯಾನೋಮೀಟರಿನ ಗುಂಡು ಚೀಲಗಳು ಇವು. ಸಣ್ಣ ಕುತ್ತಿಗೆಯ ಮೂಲಕ ಇವುಗಳ ಒಳಭಾಗ ಕೋಶದ್ರವಕ್ಕೆ ತೆರೆದುಕೊಂಡಿರುತ್ತದೆ. ವೈರಸ್‌ನ ಆರ್‌ಎನ್‌ಎ ನಕಲಾಗುವುದು ಇಲ್ಲಿ. ಮೊದಲು ಕೋಶದ ಹೊರಪೊರೆಯಲ್ಲಿ ಸಾಲುಸಾಲಾಗಿ ಕಾಣುತ್ತವೆ. ಸೆಮ್ಲಿಕಿ ವೈರಸ್‌ನಲ್ಲಿ ಆ ಪೊರೆ ಒಳಕ್ಕೆ ಎಳೆದುಕೊಂಡು, ಒಳಗೋಡೆಗೆ ಸ್ಫೆರೂಲ್‌ಗಳು ಅಂಟಿಕೊಂಡ ದೊಡ್ಡ ಚೀಲಗಳಾಗುತ್ತವೆ. ಇವಕ್ಕೆ ಸೈಟೋಪಥಿಕ್ ವ್ಯಾಕ್ಯೂಲ್ ಒಂದನೇ ಬಗೆ ಎಂದು ಹೆಸರು. ಚಿಕುನ್‌ಗುನ್ಯಾದಲ್ಲಾದರೆ ಸ್ಫೆರೂಲ್‌ಗಳು ಬಹುಪಾಲು ಹೊರಪೊರೆಯಲ್ಲೇ ಉಳಿದುಬಿಡುತ್ತವೆ.

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಹೊರಪೊರೆಯಲ್ಲಿರುವ ಸ್ಫೆರೂಲ್ ಮತ್ತು ಹೊರಪೊರೆಗೆ ಅಂಟಿದ ವೈರಸ್ ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ. ಒಳಗೆ ನೋಡಿ. ವೈರಸ್‌ಗೆ 40 ನ್ಯಾನೋಮೀಟರಿನ ದಟ್ಟ ಕಪ್ಪು ತಿರುಳು ಇರುತ್ತದೆ. ಸ್ಫೆರೂಲ್ ಒಳಗೆ ತಿಳಿಯಾಗಿದ್ದು, ನಡುವೆ ಒಂದು ಚಿಕ್ಕ ಚುಕ್ಕಿ ಅಥವಾ ಎಳೆಯಂಥದ್ದು ಮಾತ್ರ. ಬುಡ ನೋಡಿ. ಸ್ಫೆರೂಲ್‌ನ ಪೊರೆ ಕೋಶದ ಪೊರೆಗೇ ಸೇರಿದೆ, ಸೆಕ್ಷನ್ ಸರಿಯಾಗಿ ಬಿದ್ದರೆ ಕುತ್ತಿಗೆ ಕಾಣುತ್ತದೆ. ಅಂಟಿದ ವೈರಸ್‌ಗೆ ತನ್ನದೇ ಪೊರೆ ಇದೆ, ಕೆಳಗೆ ಕೋಶದ ಪೊರೆ ಬೇರೆಯಾಗಿ ಹಾದುಹೋಗುತ್ತದೆ. ಇದನ್ನು ಗಟ್ಟಿ ಮಾಡಿಕೊಳ್ಳಲು, ಜೋಡಿ ಎಳೆಯ ಆರ್‌ಎನ್‌ಎಯನ್ನು ಹಿಡಿಯುವ ಜೆ2 ಎಂಬ ಪ್ರತಿಕಾಯಕ್ಕೆ 10 ನ್ಯಾನೋಮೀಟರ್ ಚಿನ್ನದ ಕಣ ಜೋಡಿಸಿ ಇಮ್ಯುನೋಗೋಲ್ಡ್ ಮಾಡಬಹುದು. ಆದರೆ ಆಸ್ಮಿಯಂ ಹಾಕಿ ಗಟ್ಟಿ ಎಪಾಕ್ಸಿ ರೆಸಿನ್‌ನಲ್ಲಿ ಕೂರಿಸಿದ ಬ್ಲಾಕ್‌ನಲ್ಲಿ ಪ್ರತಿಕಾಯ ಸರಿಯಾಗಿ ಹಿಡಿಯುವುದು ಕಷ್ಟ. ಅದಕ್ಕೆಂದೇ ಹಗುರವಾಗಿ ಫಿಕ್ಸ್ ಮಾಡಿದ ಬೇರೆ ಸ್ಯಾಂಪಲ್ ಮೊದಲೇ ಎತ್ತಿಡಿ.

ಹೊರಬರುವ ಹಂತ

6ರಿಂದ 8 ಗಂಟೆಗೆ ಕೋಶದ್ರವದಲ್ಲಿ ಹೊಸ ನ್ಯೂಕ್ಲಿಯೋಕ್ಯಾಪ್ಸಿಡ್‌ಗಳು ಕಾಣತೊಡಗುತ್ತವೆ. ಕೆಲವು ಒಳಗಿನ ಚೀಲಗಳ ಹೊರಮೈಗೆ ಸಾಲಾಗಿ ಅಂಟಿರುತ್ತವೆ, ಅವು ಎರಡನೇ ಬಗೆಯ ವ್ಯಾಕ್ಯೂಲ್‌ಗಳು. ಕೊನೆಗೆ ಹೊರಪೊರೆಯ ಕೆಳಗೆ ಬಂದು, ಪೊರೆಯನ್ನೇ ಹೊದ್ದುಕೊಂಡು ಮೊಗ್ಗಿನಂತೆ ಹೊರಗೆ ಉಬ್ಬುತ್ತವೆ.

ಈ ಹೊತ್ತಿನಲ್ಲಿ ಹೊರಪೊರೆಯಲ್ಲಿ ಕಂಡ ಕಣ ಬರುತ್ತಿದೆಯಾ, ಮತ್ತೆ ಹೋಗುತ್ತಿದೆಯಾ? ಹೊರಬರುವ ಕಣದಲ್ಲಿ ತಿರುಳಿನ ಸುತ್ತ ಒಂದೇ ಪೊರೆ, ಅದು ಕೋಶದ ಪೊರೆಯಾಗಿಯೇ ಮುಂದುವರಿಯುತ್ತದೆ, ಕ್ಲಾಥ್ರಿನ್ ರೋಮ ಇಲ್ಲ. ಒಳಹೋಗುವ ಕಣಕ್ಕೆ ತನ್ನ ಪೊರೆ ಪೂರ್ತಿ ಇದೆ, ಅದರ ಹೊರಗೆ ಗುಳಿಯ ಪೊರೆ ಇನ್ನೊಂದು, ಅದರಾಚೆ ಕ್ಲಾಥ್ರಿನ್. ಪೊರೆಗಳನ್ನು ಎಣಿಸಿ, ಉತ್ತರ ಸಿಗುತ್ತದೆ.

ವೈರಸ್ ಅಲ್ಲದ್ದನ್ನು ವೈರಸ್ ಅನ್ನಬೇಡಿ

2020ರಲ್ಲಿ ಕೋವಿಡ್ ರೋಗಿಗಳ ಕಿಡ್ನಿ ಮತ್ತಿತರ ಅಂಗಗಳಲ್ಲಿ ಕೊರೋನಾವೈರಸ್ ಕಂಡಿತು ಎಂದು ಹಲವು ಲೇಖನಗಳು ಬಂದವು. ಅದರಲ್ಲಿ ಎಷ್ಟೋ ಚಿತ್ರಗಳಲ್ಲಿದ್ದದ್ದು ಕೋಶದ್ದೇ ಆದ ಕ್ಲಾಥ್ರಿನ್ ಚೀಲಗಳು ಮತ್ತು ಒಳಗೆ ಸಣ್ಣ ಗುಳ್ಳೆಗಳಿರುವ ಎಂಡೋಸೋಮ್‌ಗಳು. ಅನುಭವಿಗಳು ಪತ್ರಿಕೆಗಳಿಗೆ ಬರೆದು ತಿದ್ದಬೇಕಾಯಿತು. ಕ್ಲಾಥ್ರಿನ್ ಪದರ ಮುಳ್ಳಿನಂತೆ ಕಂಡದ್ದೇ ಕಾರಣ. ಆದರೆ ಕ್ಲಾಥ್ರಿನ್ ಚೀಲ ಕೋಶದ್ರವದಲ್ಲಿ ಬಿಡಿಯಾಗಿರುತ್ತದೆ, ಮುಳ್ಳುಗಳು ಕೋಶದ್ರವದ ಕಡೆಗಿರುತ್ತವೆ. ಕೊರೋನಾವೈರಸ್ ಕೋಶದೊಳಗೆ ಪೊರೆಯ ಚೀಲದ ಒಳಗಡೆ ಇರುತ್ತದೆ, ಅದರ ತಿರುಳಿನಲ್ಲಿ ಕಪ್ಪು ಚುಕ್ಕಿಗಳಿರುತ್ತವೆ.

ಜನರ ಆರೋಗ್ಯದ ವಿಷಯದಲ್ಲಿ ಇಂಥ ತಪ್ಪು ಸಣ್ಣದಲ್ಲ. ಚಿತ್ರಕ್ಕೆ ಬಾಣ ಹಾಕುವ ಮುನ್ನ ಸೋಂಕಿಲ್ಲದ ಕೋಶದ ಗ್ರಿಡ್‌ನಲ್ಲಿ ಅದೇ ಆಕಾರ ಹುಡುಕಿ. ಸಿಕ್ಕಿದರೆ ಬಾಣ ಬೇಡ. ಎಣಿಕೆ ಮಾಡುವಾಗ ಯಾವ ಗ್ರಿಡ್ ಯಾವ ಹೊತ್ತಿನದು ಎಂದು ತಿಳಿಯದಂತೆ ಬೇರೊಬ್ಬರಿಂದ ಸಂಕೇತ ಹಾಕಿಸಿಕೊಳ್ಳಿ. ಒಂದು ಚಂದದ ಚಿತ್ರಕ್ಕಿಂತ, ಬೇರೆ ಬೇರೆ ಬ್ಲಾಕ್‌ಗಳಿಂದ ಎಣಿಸಿದ ಹಲವು ಕೋಶಗಳ ಲೆಕ್ಕಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಬೇರೆ ವೈರಸ್‌ಗಳಾದರೆ

ವಿಧಾನ ಅದೇ, ನೋಡುವ ಜಾಗ ಬೇರೆ. ಹರ್ಪಿಸ್ ಮತ್ತು ಅಡಿನೋವೈರಸ್ ಆದರೆ ಕೋಶಕೇಂದ್ರದೊಳಗೆ ನೋಡಿ. ಅಡಿನೋ ಕಣಗಳು ಅಲ್ಲಿ ಹರಳಿನಂತೆ ಒತ್ತಾಗಿ ಜೋಡಿಕೊಂಡಿರುತ್ತವೆ. ಪಾಕ್ಸ್ ವೈರಸ್‌ಗಳು ಕೋಶದ್ರವದಲ್ಲೇ ತಮ್ಮ ಕಾರ್ಖಾನೆ ಕಟ್ಟಿಕೊಳ್ಳುತ್ತವೆ, ಕಣಗಳು ಇಟ್ಟಿಗೆ ಆಕಾರ. ಕೊರೋನಾ ಆದರೆ ಎರಡು ಪೊರೆಯ ಗುಳ್ಳೆಗಳನ್ನು ಹುಡುಕಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಫ್ಲೇವಿವೈರಸ್ ಗುಂಪಿನದು. ಈ ಗುಂಪಿನ ಕಣಗಳು ಸುಮಾರು 50 ನ್ಯಾನೋಮೀಟರ್. ಹೊರಪೊರೆಯಲ್ಲಿ ಮೊಗ್ಗು ಹುಡುಕಿದರೆ ಸಿಗುವುದಿಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಕೋಶದೊಳಗಿನ ಪೊರೆಗಳ ಜಾಲ) ಪೊರೆಯಲ್ಲಿ ಒಳಮುಖವಾಗಿ ಉಬ್ಬಿದ ಗುಳ್ಳೆಗಳಲ್ಲಿ ಆರ್‌ಎನ್‌ಎ ನಕಲಾಗುತ್ತದೆ, ಹೊಸ ಕಣಗಳೂ ಅದೇ ರೆಟಿಕ್ಯುಲಂ ಒಳಗೇ ಮೊಗ್ಗೊಡೆಯುತ್ತವೆ. ಆ ವೈರಸ್ ಜೊತೆ ಕೆಲಸ ಮಾಡಲು ಅತಿ ಹೆಚ್ಚಿನ ಸುರಕ್ಷತೆಯ ಲ್ಯಾಬ್ ಬೇಕು. ಉಳಿದವರು ಪ್ರಕಟವಾದ ಚಿತ್ರಗಳ ಮೇಲೆಯೇ ಪೊರೆ ಎಣಿಸಿ, ಅಳತೆ ಹಿಡಿದು ಕಣ್ಣು ಪಳಗಿಸಿಕೊಳ್ಳಬಹುದು.